ಹಳೆಯ ಅಂಗಡಿ ಬೀದಿಗೆ ಟಿಫ್ ದುಡ್ಡು: ಯಾರಿಗೆ ಸಿಗುತ್ತದೆ, ಯಾರು ಕಟ್ಟುತ್ತಾರೆ?

ಪ್ರಶ್ನೆ: ಶಿಕಾಗೊದ ಉತ್ತರ ಭಾಗದ ಹಳೆಯ ವ್ಯಾಪಾರಿ ರಸ್ತೆಯೊಂದರಲ್ಲಿ ನಮ್ಮ ಬಟ್ಟೆ ಅಂಗಡಿ ಇದೆ. ಬಾಡಿಗೆ ಕಟ್ಟಡ. ಅಕ್ಕಪಕ್ಕದ ಮಳಿಗೆಗಳು ಖಾಲಿ ಬಿದ್ದಿವೆ. ಈ ರಸ್ತೆ ‘ಟಿಫ್’ ಜಿಲ್ಲೆಯೊಳಗೆ ಇದೆ, ದುಡ್ಡು ಬರುತ್ತದೆ ಅನ್ನುತ್ತಾರೆ. ಏನಿದು? ನಮ್ಮಂಥವರಿಗೂ ಸಿಗುತ್ತದೆಯೇ?

ಉತ್ತರ: ಸಿಗಬಹುದು. ಆದರೆ ಕೇಳಿದವರಿಗೆ ಮಾತ್ರ. ಇಲಿನಾಯ್ಸ್‌ನ ಸಣ್ಣ ಊರೊಂದರ ನಗರಸಭೆಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದವಳು ನಾನು. ಟಿಫ್ ವಿಷಯದಲ್ಲಿ ಬಾಡಿಗೆದಾರರೇ ಕೊನೆಯಲ್ಲಿ ನೆನಪಾಗುವವರು ಅನ್ನುವುದು ನನಗೆ ಈಗಲೂ ನೋವಿನ ಸಂಗತಿ.

ಟಿಫ್ ಅಂದರೆ ಟ್ಯಾಕ್ಸ್ ಇನ್‌ಕ್ರಿಮೆಂಟ್ ಫೈನಾನ್ಸಿಂಗ್. ನಗರಾಡಳಿತ ಒಂದು ಪ್ರದೇಶದ ಸುತ್ತ ಗಡಿ ಗುರುತಿಸುತ್ತದೆ. ಅಲ್ಲಿನ ಆಸ್ತಿಗಳ ಅಂದಿನ ತೆರಿಗೆ ಮೌಲ್ಯವನ್ನು ಮೂಲ ಮೌಲ್ಯ ಎಂದು ಬರೆದಿಡಲಾಗುತ್ತದೆ. ಆ ಮೌಲ್ಯ 10 ಲಕ್ಷ ಡಾಲರ್ ಎಂದುಕೊಳ್ಳಿ. ಮುಂದೆ ಅದು 16 ಲಕ್ಷಕ್ಕೆ ಏರಿತು. ಮೊದಲ 10 ಲಕ್ಷದ ಮೇಲಿನ ತೆರಿಗೆ ಎಂದಿನಂತೆ ಶಾಲೆ, ಪಾರ್ಕು, ಕೌಂಟಿಗೆ (ನಮ್ಮ ಜಿಲ್ಲಾಡಳಿತದಂಥದ್ದು) ಹೋಗುತ್ತದೆ. ಏರಿದ 6 ಲಕ್ಷದ ಮೇಲಿನದು ಬೇರೆ ನಿಧಿಗೆ ಬೀಳುತ್ತದೆ. ಆ ಹಣವನ್ನು ಅದೇ ಪ್ರದೇಶದಲ್ಲಿ ಖರ್ಚು ಮಾಡಬೇಕು, ಇಲ್ಲವೇ ಗಡಿ ತಾಗಿದ ಇನ್ನೊಂದು ಟಿಫ್ ಜಿಲ್ಲೆಗೆ ಕೊಡಬಹುದು. ಇಲಿನಾಯ್ಸ್ ಕಾನೂನು ಬಂದದ್ದು 1977ರಲ್ಲಿ. ಅವಧಿ ಸಾಮಾನ್ಯವಾಗಿ 23 ವರ್ಷ.

ಹಳೆಯ ರಸ್ತೆಗಳು ಇದರೊಳಗೆ ಬರಲು ಕಾರಣವೂ ಕಾನೂನಿನಲ್ಲೇ ಇದೆ. ಅರ್ಧದಷ್ಟಾದರೂ ಕಟ್ಟಡಗಳು 35 ವರ್ಷ ದಾಟಿರಬೇಕು, ಜೊತೆಗೆ ಶಿಥಿಲತೆ, ಖಾಲಿ ಮಳಿಗೆಯಂಥ ಲಕ್ಷಣಗಳು ಇರಬೇಕು. ಆಗ ಅದನ್ನು ‘ಕನ್ಸರ್ವೇಶನ್ ಏರಿಯಾ’ ಎಂದು ಘೋಷಿಸಬಹುದು. ಈ ನೆರವಿಲ್ಲದೆ ಅಲ್ಲಿ ಬಂಡವಾಳ ಬರುವುದಿಲ್ಲ ಎಂದೂ ನಗರ ತೋರಿಸಬೇಕು. ನನ್ನ ಪ್ರಕಾರ ಇಡೀ ಯೋಜನೆಯ ನ್ಯಾಯ ನಿಂತಿರುವುದು ಈ ಒಂದು ಮಾತಿನ ಮೇಲೆ. ಹೇಗೂ ಬೆಳೆಯುತ್ತಿದ್ದ ಜಾಗಕ್ಕೆ ಟಿಫ್ ಹಾಕಿದರೆ ಊರಿಗೆಲ್ಲ ಸೇರಬೇಕಾದ ಹಣ ಒಂದೇ ಕಡೆ ಉಳಿಯುತ್ತದೆ, ಅಲ್ವಾ?

ಶಿಕಾಗೊದಲ್ಲಿ ಭಾರತೀಯ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂ ನಿಮಗೆ ಗೊತ್ತೇ ಇದೆ. 1974ರಲ್ಲಿ ಪಟೇಲ್ ಬ್ರದರ್ಸ್ ದಿನಸಿ ಅಂಗಡಿ ಶುರುವಾದ ರಸ್ತೆ. ಸೀರೆ, ಚಿನ್ನ, ಬೇಳೆಕಾಳು ಎಲ್ಲದಕ್ಕೂ ನಮ್ಮವರು ಅಲ್ಲಿಗೇ ಹೋಗುತ್ತಿದ್ದರು. ಆಮೇಲೆ ಜನ ನೇಪರ್‌ವಿಲ್, ಶಾಂಬರ್ಗ್‌ನಂಥ ಹೊರವಲಯದ ಊರುಗಳ ಕಡೆ ಮನೆ ಮಾಡಿದರು, ಅಂಗಡಿಗಳೂ ಹಿಂದೆಯೇ ಹೋದವು. ಡೆವನ್-ವೆಸ್ಟರ್ನ್ ಟಿಫ್ ಜಿಲ್ಲೆ ಆದದ್ದು 1999ರಲ್ಲಿ. ಫುಟ್‌ಪಾತ್ ಅಗಲ ಮಾಡಿ ಹೊಸ ದೀಪ ಹಾಕುವುದಕ್ಕೆ ಈ ಹಣವೂ ಬಳಕೆಯಾಯಿತು. ಒಳ್ಳೆಯ ಕೆಲಸವೇ. ಆದರೆ ಗಿರಾಕಿ ಮೂವತ್ತು ಮೈಲಿ ಆಚೆ ಮನೆ ಮಾಡಿದ್ದರೆ ಫುಟ್‌ಪಾತ್ ಒಂದೇ ಅವರನ್ನು ವಾಪಸ್ ಕರೆತರುವುದಿಲ್ಲ. ಒಳಗಿನ ಅಂಗಡಿಯೂ ಉಳಿಯಬೇಕು.

ಅದಕ್ಕೇ ಶಿಕಾಗೊದ ‘ಸ್ಮಾಲ್ ಬಿಸಿನೆಸ್ ಇಂಪ್ರೂವ್‌ಮೆಂಟ್ ಫಂಡ್’ ಬಗ್ಗೆ ವಿಚಾರಿಸಿ. ಟಿಫ್ ಹಣದಿಂದಲೇ ನಡೆಯುವ ಯೋಜನೆ. ಬಾಡಿಗೆದಾರರೂ ಅರ್ಜಿ ಹಾಕಬಹುದು. ಮುಂಭಾಗ, ಛಾವಣಿ, ವಿದ್ಯುತ್, ಕೊಳಾಯಿಯಂಥ ದುರಸ್ತಿಗೆ ಖರ್ಚಿನ ಒಂದು ಪಾಲು ಕೊಡುತ್ತಾರೆ. ಸರಕು ಕೊಳ್ಳಲು ಕೊಡುವುದಿಲ್ಲ. ಚೆನ್ನಾಗಿ ನೆನಪಿಡಿ: ಇದು ನೀವು ಖರ್ಚು ಮಾಡಿದ ಮೇಲೆ ವಾಪಸ್ ಬರುವ ಹಣ. ಮಂಜೂರಾತಿಗೆ ಮೊದಲೇ ಕೆಲಸ ಶುರು ಮಾಡಿದರೆ ಸಿಗುವುದಿಲ್ಲ. ಹಾಗಾಗಿ ಗುತ್ತಿಗೆದಾರರಿಗೆ ಮುಂಗಡ ಕೊಡುವ ಮೊದಲೇ ಅರ್ಜಿ ಹಾಕಿ.

ಇವತ್ತೇ ನಿಮ್ಮ ಬಾಡಿಗೆ ಕರಾರನ್ನೂ ತೆಗೆದು ಓದಿ. ‘ಟ್ರಿಪಲ್ ನೆಟ್’ ಕರಾರಾದರೆ ಕಟ್ಟಡದ ಆಸ್ತಿ ತೆರಿಗೆಯಲ್ಲಿ ನಿಮ್ಮ ಪಾಲನ್ನು ಕಟ್ಟುವವರು ನೀವೇ. ರಸ್ತೆ ಚೆಂದವಾಗಿ ಮೌಲ್ಯ ಏರಿದರೆ ಟಿಫ್ ನಿಧಿ ತುಂಬುವುದು ನಿಮ್ಮ ಗಲ್ಲಾಪೆಟ್ಟಿಗೆಯ ಹಣದಿಂದಲೇ. ಮಾಲೀಕರ ಹತ್ತಿರ ಈಗಲೇ ಕುಳಿತು ದೀರ್ಘ ಅವಧಿಯ ಕರಾರು, ತೆರಿಗೆ ಏರಿಕೆಗೆ ಒಂದು ಮಿತಿ, ಇವೆರಡನ್ನೂ ಬರೆಸಿಕೊಳ್ಳಿ.

ಪ್ರಶ್ನೆ: ನಮ್ಮ ಮನೆ ಟಿಫ್ ಗಡಿಯ ಹೊರಗಿದೆ. ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಶಾಲೆಯ ಹಣವನ್ನು ಟಿಫ್ ತಿನ್ನುತ್ತದೆ ಅನ್ನುವುದು ನಿಜವೇ?

ಉತ್ತರ: ಪೂರ್ತಿ ಹಾಗಲ್ಲ. ಇಲಿನಾಯ್ಸ್‌ನಲ್ಲಿ ಶಾಲಾ ಮಂಡಳಿ ಮೊದಲು ತನಗೆ ಇಷ್ಟು ಮೊತ್ತ ಬೇಕು ಎಂದು ಕೇಳುತ್ತದೆ. ಆ ಮೊತ್ತವನ್ನು ಒಟ್ಟು ಆಸ್ತಿ ಮೌಲ್ಯದ ಮೇಲೆ ಹಂಚಿ ತೆರಿಗೆ ದರ ಹಾಕುತ್ತಾರೆ. ಟಿಫ್‌ನೊಳಗಿನ ಏರಿಕೆ ಈ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ಅದೇ ಮೊತ್ತ ಕಡಿಮೆ ಮೌಲ್ಯದ ಮೇಲೆ ಬಿದ್ದಾಗ ದರ ಏರುತ್ತದೆ. ಅಂದರೆ ಗಡಿಯಾಚೆ ಇರುವ ನೀವೂ ಸ್ವಲ್ಪ ಜಾಸ್ತಿ ಕಟ್ಟುತ್ತೀರಿ. ಕಾನೂನು ಶಾಲೆಯ ತೆರಿಗೆಗೆ ಮಿತಿ ಹಾಕಿದ ಕಡೆ ಅದು ಶಾಲೆಗೂ ತಟ್ಟಬಹುದು.

ನಿಧಿಯಲ್ಲಿ ಬಳಸದೆ ಉಳಿದ ಹಣವನ್ನು ನಗರ ‘ಸರ್‌ಪ್ಲಸ್’ ಎಂದು ಘೋಷಿಸಿದರೆ ಅದು ಶಾಲೆ, ಪಾರ್ಕು, ಕೌಂಟಿಯಂಥ ತೆರಿಗೆ ಪಡೆಯುವ ಸಂಸ್ಥೆಗಳಿಗೆ ವಾಪಸ್ ಹಂಚಿಕೆಯಾಗುತ್ತದೆ. ಶಿಕಾಗೊದಲ್ಲಿ ಅದರ ಅರ್ಧಕ್ಕಿಂತ ಜಾಸ್ತಿ ಶಾಲೆಗಳಿಗೇ ಹೋಗುತ್ತದೆ. ಹಾಗಾಗಿ ಹಣ ಸುಮ್ನೆ ಕೂತಿದೆಯೇ ಎಂದು ಕೇಳುವ ಹಕ್ಕು ನಿಮಗೂ ಇದೆ. ಪ್ರತಿ ಟಿಫ್ ಜಿಲ್ಲೆಗೂ ನಗರ ವಾರ್ಷಿಕ ವರದಿ ಪ್ರಕಟಿಸುತ್ತದೆ. ಅದರಲ್ಲಿ ವರ್ಷದ ಕೊನೆಗೆ ಉಳಿದ ಮೊತ್ತವನ್ನೂ, ಯಾವ ಕೆಲಸಕ್ಕೆ ಎಷ್ಟು ಮೀಸಲಿದೆ ಎಂಬುದನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ದೊಡ್ಡದಿದ್ದರೆ ಆ ಪುಟ ಹಿಡಿದುಕೊಂಡು ನಿಮ್ಮ ವಾರ್ಡಿನ ಆಲ್ಡರ್‌ಮನ್ (ಚುನಾಯಿತ ನಗರಸಭಾ ಸದಸ್ಯರು) ಕಚೇರಿಗೆ ಹೋಗಿ.