ಗಾಡಿ ಮಾತು: ಕೊಟ್ಟಿಗೆಯಿಂದ ಹೊರಬರುವ ಮಾರುತಿ 800

ರಜೆ ಬಂತೆಂದರೆ ಈ ಅಂಕಣಕ್ಕೆ ಹೆಚ್ಚುಕಮ್ಮಿ ಒಂದೇ ತರಹದ ಪ್ರಶ್ನೆ: ಮನೆಯಲ್ಲೊಂದು ಹಳೇ ಮಾರುತಿ 800 ಇದೆ, ಹದಿನಾರು ಹದಿನೇಳರ ಮಗನೋ ಮಗಳೋ ಇದ್ದಾರೆ, ಇಬ್ಬರೂ ಸೇರಿ ರೆಡಿ ಮಾಡಬಹುದಾ? ಧಾರಾಳವಾಗಿ. ಕೈ ಪಳಗಿಸಿಕೊಳ್ಳಲು ಇಷ್ಟು ಸರಳವಾದ ಕಾರು ಇನ್ನೊಂದಿಲ್ಲ. 1983ರ ಡಿಸೆಂಬರಿನಿಂದ 2014ರ ಜನವರಿವರೆಗೆ ತಯಾರಾದ ಗಾಡಿ ಇದು. ಇದರ 796 ಸಿಸಿ ಮೂರು ಸಿಲಿಂಡರಿನ ಎಂಜಿನ್ನೇ ಓಮ್ನಿಯಲ್ಲೂ ಇತ್ತು, ಓಮ್ನಿ 2019ರವರೆಗೂ ಬರುತ್ತಿತ್ತು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎಂಜಿನ್ ಪಾರ್ಟ್ಸ್ ಇವತ್ತಿಗೂ ಸಿಗುತ್ತವೆ. ಕೆಳಗಿನ ಉತ್ತರಗಳೆಲ್ಲ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಹಳೆಯ ಮಾದರಿಗೆ.

ಪ್ರಶ್ನೆ: 1997ರ ಗಾಡಿ, ಮೂರು ವರ್ಷದಿಂದ ತೋಟದ ಮನೆ ಕೊಟ್ಟಿಗೆಯಲ್ಲಿ ನಿಂತಿದೆ. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಸಾಕಾ? ಮಗನಿಗೆ 16 ವರ್ಷ. — ಓದುಗರು, ಶಿರಸಿ

ಸಾಲದು. ಸದ್ಯಕ್ಕೆ ಸೆಲ್ಫ್ ಮುಟ್ಟಲೇಬೇಡಿ. ಸಿಲಿಂಡರಿನ ಗೋಡೆಯ ಮೇಲಿದ್ದ ಎಣ್ಣೆ ಪಸೆ ಮೂರು ವರ್ಷದಲ್ಲಿ ಇಳಿದುಹೋಗಿರುತ್ತದೆ. ಪಿಸ್ಟನ್ನಿನ ಒಣಗಿದ ರಿಂಗು ಹಾಗೇ ಉಜ್ಜಿದರೆ ಗೀರು ಬೀಳುತ್ತದೆ.

ಮೊದಲು ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಬಿಚ್ಚಿ ನೋಡಿ. ನಿಮ್ಮ ಕಡೆ ಅದರೊಳಗೆ ಅಡಿಕೆ ಸಿಪ್ಪೆಯ ಇಲಿಗೂಡು ಇರದಿದ್ದರೇ ಆಶ್ಚರ್ಯ. ಇಲಿ ಇತ್ತೆಂದರೆ ವೈರನ್ನೂ ಕಡಿದಿರುತ್ತದೆ, ಡ್ಯಾಶ್‌ಬೋರ್ಡಿನ ಕೆಳಗಿನವರೆಗೂ ಟಾರ್ಚ್ ಬಿಟ್ಟು ನೋಡಿ.

ಮುಂದಿನದು ಮಗನ ಕೆಲಸ. ಮೂರು ಪ್ಲಗ್ ವೈರಿಗೆ 1, 2, 3 ಎಂದು ಟೇಪ್ ಅಂಟಿಸಲಿ. ಪ್ಲಗ್ಗಿನ ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ತೆಗೆದ ಮೇಲೇ ಪ್ಲಗ್ ಬಿಚ್ಚಲಿ, ಇಲ್ಲದಿದ್ದರೆ ಆ ಮಣ್ಣು ನೇರ ಪಿಸ್ಟನ್ ಮೇಲೆ ಬೀಳುತ್ತದೆ. ಸೂಜಿ ತೆಗೆದ ಸಿರಿಂಜಿನಲ್ಲಿ ಒಂದೊಂದು ತೂತಿಗೂ 5 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಪ್ಲಗ್ ಹಾಕದೆ, ನಾಲ್ಕನೇ ಗೇರಿನಲ್ಲಿಟ್ಟು ಗಾಡಿಯನ್ನು ಮೆಲ್ಲಗೆ ತಳ್ಳಿ. ತೂತಿನಿಂದ ಪುಸ್ ಪುಸ್ ಎಂದು ಗಾಳಿ ಬಂದರೆ ಎಂಜಿನ್ ಬಿಡಿಯಾಗಿದೆ. ಅಲುಗಲಿಲ್ಲವೇ, ನ್ಯೂಟ್ರಲ್ ಮಾಡಿ ತಳ್ಳಿ. ಆಗಲೂ ಅಲುಗದಿದ್ದರೆ ತಪ್ಪು ಎಂಜಿನ್ನಿನದ್ದಲ್ಲ, ಹ್ಯಾಂಡ್‌ಬ್ರೇಕ್ ಹಾಕಿ ಬಿಟ್ಟಿದ್ದಕ್ಕೆ ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೆ ಕಚ್ಚಿಕೊಂಡಿವೆ. ಚಕ್ರ ಬಿಚ್ಚಿ ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಲ್ಲಿ ತಟ್ಟಿದರೆ ಸಾಮಾನ್ಯವಾಗಿ ಬಿಡುತ್ತವೆ. ನ್ಯೂಟ್ರಲ್‌ನಲ್ಲಿ ಉರುಳಿ ಗೇರಿನಲ್ಲಿ ಉರುಳದಿದ್ದರೆ ಪಿಸ್ಟನ್ ಹಿಡಿದಿದೆ. ಇನ್ನಷ್ಟು ಎಣ್ಣೆ ಬಿಟ್ಟು ಎರಡು ಮೂರು ದಿನ ಕಾಯಿರಿ. ಇನ್ನೊಂದು ಗಾಡಿಗೆ ಕಟ್ಟಿ ಎಳೆಸಬೇಡಿ.

ಪೆಟ್ರೋಲ್ ವಿಷಯಕ್ಕೆ ಬರೋಣ. ಟ್ಯಾಂಕಿನ ಮುಚ್ಚಳ ತೆಗೆದರೆ ವಾರ್ನಿಷ್ ವಾಸನೆ ಬರುತ್ತದೆ. ಅಷ್ಟನ್ನೂ ಇಳಿಸಿ. ಬಯಲಿನಲ್ಲಿ, ಬ್ಯಾಟರಿ ಬಿಚ್ಚಿಟ್ಟು, ಕೈಪಂಪಿನಿಂದ. ಬಾಯಲ್ಲಿ ಪೈಪ್ ಹೀರುವುದು ಬೇಡ, ಇಳಿಸಿದ್ದನ್ನು ಚರಂಡಿಗೆ ಚೆಲ್ಲುವುದೂ ಬೇಡ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ರಬ್ಬರ್ ಹೋಸ್‌ಗಳನ್ನೆಲ್ಲ, ವಾಪಸ್ ಬರುವ ಲೈನನ್ನೂ ಸೇರಿಸಿ ಹೊಸದಾಗಿ ಹಾಕಿ. ಕಾರಣವಿದೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ತೊಂಬತ್ತರ ದಶಕದ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ. ಉಬ್ಬಿ, ಮೆತ್ತಗಾಗಿ, ಒಳಗಿನಿಂದ ಪುಡಿಯಾಗುತ್ತದೆ. ಹಳೇ ತುಂಡನ್ನು ಅಂಗಡಿಗೆ ಒಯ್ದು ಒಳವ್ಯಾಸ ಹೊಂದಿಸಿ ‘ಇ20’ಗೆ ಒಗ್ಗುವ ಹೋಸ್ ಕೇಳಿ, ಕ್ಲ್ಯಾಂಪೂ ಹೊಸದಿರಲಿ. ಎಥನಾಲ್ ಟ್ಯಾಂಕಿನ ಹಳೇ ಜಿಗುಟನ್ನೂ ಸಡಿಲಿಸಿ ತರುವುದರಿಂದ ಮೊದಲ ಫಿಲ್ಟರ್ ಬೇಗ ಕಟ್ಟುತ್ತದೆ. ಎರಡು ಫಿಲ್ಟರ್ ಕೊಳ್ಳಿ, ಒಂದು ಡಿಕ್ಕಿಯಲ್ಲಿರಲಿ.

ಎಂಜಿನ್ ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಮೆಕ್ಯಾನಿಕಲ್ ಫ್ಯುಯೆಲ್ ಪಂಪಿನ ಡಯಾಫ್ರಾಮ್ ಹರಿದು ಪೆಟ್ರೋಲ್ ಆಯಿಲ್ ಛೇಂಬರಿಗೆ ಇಳಿಯುತ್ತಿದೆ. ಪಂಪ್ ಬದಲಿಸದೆ ಮುಂದೆ ಹೋಗಬೇಡಿ. ಆಯಿಲ್ ಅಂತೂ ಬದಲಿಸಲೇಬೇಕು. 20W-40 ಮೂರು ಲೀಟರ್ ತಂದು, ಹೊಸ ಫಿಲ್ಟರ್ ಹಾಕಿ, ಮೊದಲು ಎರಡೂವರೆ ಸುರಿದು ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ಗೊತ್ತಿಲ್ಲದಿದ್ದರೆ ಅದನ್ನೂ ಟೆನ್ಷನರನ್ನೂ ಒಟ್ಟಿಗೇ ಬದಲಿಸಿ. ಗುರುತು ಕೂಡಿಸುವುದು ಮೆಕ್ಯಾನಿಕ್ ಕೈಯಲ್ಲೇ ಆಗಲಿ, ಮಗ ಪಕ್ಕದಲ್ಲಿ ನಿಂತು ನೋಡಲಿ.

ಪ್ಲಗ್ ಗ್ಯಾಪನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) 0.7ರಿಂದ 0.8 ಮಿ.ಮೀ. ಮಾಡಿ ಕೂರಿಸಿ. ಇಗ್ನಿಷನ್ ಕಾಯಿಲ್ಲಿನ ಸಣ್ಣ ವೈರ್ ಬಿಚ್ಚಿಟ್ಟು ಐದೈದು ಸೆಕೆಂಡಿನಂತೆ ಮೂರು ನಾಲ್ಕು ಸಲ ಸೆಲ್ಫ್ ಹೊಡೆಯಿರಿ, ಆಯಿಲ್ ಮೇಲಕ್ಕೆ ಏರಲಿ. ಆಮೇಲೆ ವೈರ್ ಸೇರಿಸಿ ಸ್ಟಾರ್ಟ್ ಮಾಡಿ. ಮೊದಲ ಕೆಲವು ನಿಮಿಷ ನೀಲಿ ಹೊಗೆ ಬರುತ್ತದೆ. ನೀವೇ ಬಿಟ್ಟ ಎಣ್ಣೆ ಅದು, ಗಾಬರಿಯಾಗಬೇಡಿ. ನಾಲ್ಕೈದು ಸೆಕೆಂಡಿನಲ್ಲಿ ಆಯಿಲ್ ಲೈಟ್ ಆರದಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ.

ಪ್ರಶ್ನೆ: ಚೋಕ್ ಎಳೆದರೆ ಓಡುತ್ತದೆ, ಒಳಗೆ ತಳ್ಳಿದರೆ ಆಫ್. ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ ಮುಗ್ಗರಿಸುತ್ತದೆ. ಹೊಸ ಕಾರ್ಬ್ಯುರೇಟರ್ ಬೇಕು ಅನ್ನುತ್ತಾರೆ. ಮಗಳು ತಾನೇ ಬಿಚ್ಚುತ್ತೇನೆ ಅನ್ನುತ್ತಿದ್ದಾಳೆ. — ಓದುಗರು, ಬೆಂಗಳೂರು

ಬಿಚ್ಚಲಿ, ಆದರೆ ಇವತ್ತೇ ಬೇಡ. ಇಲ್ಲಿ ಎರಡು ಬೇರೆ ಬೇರೆ ದೋಷ ಇರಬಹುದು, ಬಿಚ್ಚುವ ಮೊದಲೇ ಎರಡನ್ನೂ ಪರೀಕ್ಷಿಸಬಹುದು.

ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಆಗ ಮಾತ್ರ ಓಡುತ್ತದೆ ಎಂದರೆ ಐಡಲಿಂಗಿನಲ್ಲಿ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ಸೇರುತ್ತಿದೆ. ಚೋಕ್ ಅರ್ಧ ಎಳೆದು ಓಡುತ್ತಿರುವಾಗ ವ್ಯಾಕ್ಯೂಮ್ ಹೋಸ್‌ಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಮೆಲ್ಲಗೆ ಹಿಚುಕಿ. ಯಾವುದನ್ನು ಹಿಚುಕಿದಾಗ ಎಂಜಿನ್ ಸದ್ದು ಸುಧಾರಿಸುತ್ತದೋ ಅದರ ಹಿಂದೆ ಬಿರುಕಿದೆ. ಕಾರ್ಬ್ಯುರೇಟರಿನಲ್ಲಿ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ವಾಲ್ವ್) ಇದ್ದರೆ ಕೀ ತಿರುಗಿಸಿದಾಗ ‘ಟಕ್’ ಎನ್ನಬೇಕು. ಎನ್ನಲಿಲ್ಲವೇ, ಅದಕ್ಕೆ ಕರೆಂಟ್ ಬರುತ್ತಿದೆಯೇ ನೋಡಿ. ಎಷ್ಟೋ ‘ಹಾಳಾದ’ ಕಾರ್ಬ್ಯುರೇಟರ್ ಒಂದು ಸಡಿಲ ವೈರಿನ ಕಥೆಯಾಗಿರುತ್ತದೆ.

ಮುಗ್ಗರಿಸುವುದಕ್ಕೆ: ಎಂಜಿನ್ ಆಫ್ ಇರುವಾಗ ಮೇಲಿನಿಂದ ಕಾರ್ಬ್ಯುರೇಟರಿನ ಬಾಯೊಳಗೆ ನೋಡುತ್ತಾ ಥ್ರಾಟಲ್ ತಿರುಗಿಸಿ. ಪಿಚಕಾರಿಯ ಹಾಗೆ ಸಣ್ಣ ಎಳೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಾಮ್ ಹರಿದಿದೆ ಅಥವಾ ಅದರ ದಾರಿ ಕಟ್ಟಿದೆ.

ಈಗ ಬಿಚ್ಚಲಿ. ರಿಪೇರಿ ಕಿಟ್ ಮೊದಲೇ ತಂದಿಟ್ಟುಕೊಳ್ಳಿ. ಹಳೇ ಗ್ಯಾಸ್ಕೆಟ್ ಹರಿಯದೆ ಬರುವುದಿಲ್ಲ. ಒಂದೊಂದು ಹಂತಕ್ಕೂ ಫೋಟೊ, ಒಂದೊಂದು ಭಾಗಕ್ಕೂ ಇಡ್ಲಿ ತಟ್ಟೆಯ ಒಂದೊಂದು ಕುಳಿ. ಮಿಕ್ಸ್‌ಚರ್ ಸ್ಕ್ರೂ ತೆಗೆಯುವ ಮುನ್ನ ಅದನ್ನು ಹಗುರವಾಗಿ ಪೂರ್ತಿ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತು ಹೋಯಿತೆಂದು ಬರೆದಿಡಲಿ, ಜೋಡಿಸುವಾಗ ಅಷ್ಟೇ ಸುತ್ತು ಹೊರಗೆ. ಬಿಗಿಯಾಗಿ ತಿರುಗಿಸಿದರೆ ಅದರ ಸೂಜಿಮೊನೆ ಜಜ್ಜಿಹೋಗುತ್ತದೆ. ಜೆಟ್‌ಗಳಿಗೆ ಕ್ಲೀನರ್ ಸ್ಪ್ರೇ ಮತ್ತು ಗಾಳಿ ಮಾತ್ರ. ತಂತಿ ತೂರಿಸಬೇಡಿ: ಹಿತ್ತಾಳೆ ಮೆತ್ತಗೆ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಮೈಲೇಜ್ ಹೋಯಿತು. ರಬ್ಬರ್ ಭಾಗಗಳಿಗೆ ಆ ಸ್ಪ್ರೇ ತಾಗಬಾರದು. ಕಣ್ಣಿಗೆ ಕನ್ನಡಕ ಇರಲಿ. ಒಂದು ತೂತಿಗೆ ಹೊಡೆದ ಸ್ಪ್ರೇ ಇನ್ನೊಂದರಿಂದ ನೇರ ಮುಖಕ್ಕೆ ಬರುತ್ತದೆ.

ಜೋಡಿಸಿದ ಮೇಲೆ ಎಮಿಷನ್ ಟೆಸ್ಟ್ ಕೇಂದ್ರದಲ್ಲಿ ಸರ್ಟಿಫಿಕೇಟಿಗಿಂತ ಮುಖ್ಯವಾಗಿ ಅಂಕಿ ಓದಿ. ಬಿಎಸ್-2 (ಭಾರತ್ ಸ್ಟೇಜ್ 2 ಹೊಗೆ ನಿಯಮ)ಕ್ಕೆ ಮುಂಚಿನ ಪೆಟ್ರೋಲ್ ಕಾರಿಗೆ ಇಂಗಾಲದ ಮೊನಾಕ್ಸೈಡಿನ ಮಿತಿ 3 ಶೇಕಡಾ, ಹೈಡ್ರೋಕಾರ್ಬನ್ನಿನದ್ದು 1500 ಪಿಪಿಎಂ. ಮೊದಲನೆಯದು ಐದಾರಕ್ಕೆ ಏರಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಅದು ಕಡಿಮೆಯಿದ್ದು ಎರಡನೆಯದು ಮಾತ್ರ ಹೆಚ್ಚಿದ್ದರೆ ಮಿಸ್ಸಿಂಗ್: ಪ್ಲಗ್, ವೈರ್, ಇಲ್ಲವೇ ಕಳ್ಳಗಾಳಿ.

ಪ್ರಶ್ನೆ: ಹೊಸ ಪೇಂಟ್ ಹೊಡೆದ 800 ನೋಡಿದ್ದೇವೆ. ತುಕ್ಕಿಲ್ಲ ಅನ್ನುತ್ತಾರೆ. ನಂಬಬಹುದಾ? — ಓದುಗರು, ಕುಂದಾಪುರ

ಕಡಲ ತೀರದ 800ರಲ್ಲಿ ತುಕ್ಕಿಲ್ಲ ಎಂದರೆ ತೂತು ಮುಚ್ಚಲು ಮೆತ್ತಿದ ಪೇಸ್ಟ್ ಇದೆ ಎಂದೇ ಅರ್ಥ ಮಾಡಿಕೊಂಡು ಹುಡುಕಿ. ಫ್ರಿಜ್ಜಿಗೆ ಅಂಟಿಸುವ ತೆಳು ಆಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಚಕ್ರದ ಕಮಾನು, ಬಾಗಿಲಿನ ಕೆಳಅಂಚು, ರನ್ನಿಂಗ್ ಬೋರ್ಡಿನ ಉದ್ದಕ್ಕೂ ಎಳೆಯಿರಿ. ಹಿಡಿತ ಸಡಿಲಾದಲ್ಲಿ ತಗಡಿನ ಬದಲು ಪೇಸ್ಟ್. ಮ್ಯಾಟ್ ಎತ್ತಿ ಮುಂದಿನ ಎರಡೂ ಕಡೆ ಕಾಲಿಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ. ಗಟ್ಟಿ ತಗಡು ‘ಠಣ್’ ಎನ್ನುತ್ತದೆ, ಕೊಳೆತದ್ದು ‘ಡಬ್’.

ಫ್ಲೋರಿನ ತೂತಿಗೆ ಹೆದರಬೇಡಿ. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ, ತಗಡು ವೆಲ್ಡ್ ಮಾಡಿಸಿ, ಎರಡೂ ಮೈಗೆ ಎಪಾಕ್ಸಿ ಪ್ರೈಮರ್ ಕೊಟ್ಟು, ಕೆಳಗಿನಿಂದ ಅಂಡರ್‌ಕೋಟ್ ಹೊಡೆದರೆ ಆಯಿತು. ವೆಲ್ಡಿಂಗ್ ಮುಂಚೆ ಬ್ಯಾಟರಿ ಬಿಚ್ಚಿಡಿ, ಹಿಂಭಾಗದ ಕೆಲಸವಾದರೆ ಪೆಟ್ರೋಲ್ ಟ್ಯಾಂಕನ್ನೇ ಇಳಿಸಿ. ತುಕ್ಕಿನ ಮೇಲೆಯೇ ಅಂಡರ್‌ಕೋಟ್ ಬಳಿಯುವವರಿದ್ದಾರೆ. ತೇವ ಒಳಗೇ ಉಳಿದು ಎರಡು ಮಳೆಗಾಲದಲ್ಲಿ ತಗಡು ಹಪ್ಪಳ.

ಆದರೆ ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರಿನ ತಲೆ ಕೂರುವ ಜಾಗ, ಮುಂದಿನ ಸಸ್ಪೆನ್ಷನ್ ತೋಳುಗಳು ಬಾಡಿಗೆ ಸೇರುವ ಜಾಗ ಅಥವಾ ಚಾಸಿ ನಂಬರ್ ಕೆತ್ತಿದ ತಗಡು ತಿಂದುಹೋಗಿದ್ದರೆ ಆ ಗಾಡಿ ಬೇಡ, ಬೆಲೆ ಎಷ್ಟೇ ಕಡಿಮೆಯಿರಲಿ.

ಪ್ರಶ್ನೆ: ಬ್ರೇಕ್ ಪೆಡಲ್ ಮೊದಲ ಸಲ ಆಳಕ್ಕೆ ಹೋಗುತ್ತದೆ, ಎರಡನೇ ಸಲ ಗಟ್ಟಿಯಾಗುತ್ತದೆ. ನಾವೇ ಸರಿಮಾಡಬಹುದಾ? — ಓದುಗರು, ಹುಬ್ಬಳ್ಳಿ

ನೀವು ಹೇಳುವುದು ಹೆಚ್ಚಾಗಿ ಹಿಂದಿನ ಡ್ರಮ್ಮಿನ ಶೂ ಸವೆದು ಅಂತರ ಹೆಚ್ಚಾದ ಲಕ್ಷಣ. ಪೆಡಲ್ ಸ್ಪಂಜಿನಂತಿದ್ದರೆ ಲೈನಿನಲ್ಲಿ ಗಾಳಿ. ಒತ್ತಿ ಹಿಡಿದಾಗ ಮೆಲ್ಲಮೆಲ್ಲನೆ ಇಳಿಯುತ್ತಾ ಹೋದರೆ, ಎಲ್ಲೂ ಸೋರಿಕೆ ಕಾಣದಿದ್ದರೆ, ಪೆಡಲ್ ಒತ್ತಿದಾಗ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ.

ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಊದಬೇಡಿ, ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಡಿ ಕಬ್ಬಿಣದ ಸ್ಟ್ಯಾಂಡಿನ ಮೇಲಿರಲಿ. ಹಾಲೋ ಬ್ಲಾಕ್ ಮೇಲಿಟ್ಟರೆ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ.

ಗಾಳಿ ತೆಗೆಯುವುದಕ್ಕೆ ಇಬ್ಬರು ಬೇಕೇ ಬೇಕು. ಮಕ್ಕಳು ಪೆಡಲಿನ ಮೇಲೆ, ದೊಡ್ಡವರು ಚಕ್ರದ ಬಳಿ ಗಾಳಿ ಬಿಡುವ ನಿಪ್ಪಲ್ ಹತ್ತಿರ. ಮಾತು ಮೂರೇ: ‘ಒತ್ತು’, ‘ಹಿಡಿ’, ‘ಬಿಡು’. ನಿಪ್ಪಲ್ ಬಿಗಿಯಾಗುವ ಮುನ್ನ ಕಾಲು ತೆಗೆದರೆ ಹೊರಟ ಗಾಳಿ ವಾಪಸ್. ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಚಕ್ರದಿಂದ ಶುರುಮಾಡಿ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಡಿ. ಹಳೇ ಮಾಸ್ಟರ್ ಸಿಲಿಂಡರಿನ ಕೊನೆಯ ಭಾಗ ವರ್ಷಗಟ್ಟಲೆ ಬಳಕೆಯಾಗದೆ ಒರಟಾಗಿರುತ್ತದೆ. ತಳದವರೆಗೆ ಒತ್ತಿದರೆ ಸೀಲ್ ಅಲ್ಲಿ ಹರಿದು, ಹೊಸ ದೋಷ ನಿಮ್ಮ ಕೈಯಿಂದಲೇ ಹುಟ್ಟುತ್ತದೆ. ಡಾಟ್ 3 ಫ್ಲೂಯಿಡ್, ಸೀಲ್ ಒಡೆಯದ ಅರ್ಧ ಲೀಟರ್ ಬಾಟಲಿ. ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ. ಎಲ್ಲ ಮುಗಿದ ಮೇಲೂ ಒಬ್ಬ ಒಳ್ಳೆ ಮೆಕ್ಯಾನಿಕ್ ನೋಡದೆ ರಸ್ತೆಗಿಳಿಸಬೇಡಿ. ಈ ಒಂದು ಕೆಲಸದಲ್ಲಿ ನಮ್ಮದು ಹಟವೇ.

ಪ್ರಶ್ನೆ: ‘ಹೀಟ್ ಆಗುತ್ತೆ’ ಎಂದು ಥರ್ಮೋಸ್ಟಾಟ್ ತೆಗೆದುಹಾಕಿದ್ದಾರೆ. ಹಾಗೇ ಬಿಡಲಾ? — ಓದುಗರು, ಹಾಸನ

ಬಿಡಬೇಡಿ. ಎಂಜಿನ್ ಬಿಸಿಯೇರಲು ತಡವಾಗಿ ಮೈಲೇಜ್ ಇಳಿಯುತ್ತದೆ, ಚೋಕ್ ಹೆಚ್ಚು ಹೊತ್ತು ಬೇಕಾಗುತ್ತದೆ. ಹೊಸದನ್ನು ಹಾಕುವ ಮುನ್ನ ಪಾತ್ರೆಯ ನೀರಿನಲ್ಲಿ ದಾರಕ್ಕೆ ನೇತುಹಾಕಿ ಕಾಯಿಸಿ. ಮೇಲೆ ಅಚ್ಚಾಗಿರುವ ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಹೀಟಿಗೆ ನಿಜವಾದ ಕಾರಣ ಕಟ್ಟಿದ ರೇಡಿಯೇಟರ್, ತಿರುಗದ ಫ್ಯಾನ್ ಅಥವಾ ಸಡಿಲ ಮುಚ್ಚಳ ಇರಬಹುದು. ಬೋರ್‌ವೆಲ್ ನೀರು ಬೇಡ, ಕೂಲಂಟ್ ಹಾಕಿ.

ಪ್ರಶ್ನೆ: ಮಗನಿಗೆ 17. ರೆಡಿಯಾದ ಗಾಡಿಯನ್ನು ಲೇಔಟ್ ಒಳಗಾದರೂ ಓಡಿಸಬಹುದಾ? — ಓದುಗರು, ಮೈಸೂರು

ಇಲ್ಲ. ಜನ ಓಡಾಡುವ ಲೇಔಟ್ ರಸ್ತೆಯೂ ಕಾನೂನಿನ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 199ಎ ಕಲಮಿನಂತೆ ಅಪ್ರಾಪ್ತರು ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂ. ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಮಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. 18 ತುಂಬಿದ ದಿನ ಎಲ್‌ಎಲ್‌ಗೆ (ಕಲಿಕಾ ಲೈಸೆನ್ಸ್) ಅರ್ಜಿ ಹಾಕಿ, ಅದು ಸಿಕ್ಕ 30 ದಿನದ ಮೇಲೆ ಡ್ರೈವಿಂಗ್ ಟೆಸ್ಟ್.

ಅಷ್ಟರಲ್ಲಿ ಆರ್‌ಸಿ ತೆಗೆದು ನೋಡಿ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಫಾರಂ 25. 2022ರ ಏಪ್ರಿಲ್‌ನಿಂದ ಕಾರಿಗೆ ಈ ಶುಲ್ಕ 5,000 ರೂ.; 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ರೂ. ಆಯಿತು. ಹಸಿರು ತೆರಿಗೆ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್, ವಿಮೆ ಬೇರೆ. ಪೇಂಟಿಗೆ ಹಣ ಸುರಿಯುವ ಮುನ್ನ ಈ ಲೆಕ್ಕ ಹಾಕಿ.

ಪ್ರಶ್ನೆ: ದಪ್ಪ ಟೈರು, ದೊಡ್ಡ ಆಂಪ್ಲಿಫೈಯರ್ ಬೇಕೆಂದು ಮಗಳ ಹಟ. — ಓದುಗರು, ದಾವಣಗೆರೆ

ಟೈರ್ 145/70 ಆರ್12 ಇದ್ದದ್ದು ಇದ್ದಂತೆಯೇ ಇರಲಿ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ದಪ್ಪ ಟೈರ್ ಹಾಕಿದರೆ ಪಾರ್ಕಿಂಗಿನಲ್ಲಿ ತೋಳು ನೋಯುವುದು ಅವಳದ್ದೇ, ತಿರುವಿನಲ್ಲಿ ಫೆಂಡರಿಗೂ ಉಜ್ಜುತ್ತದೆ. ಆಂಪ್ಲಿಫೈಯರ್ ಹಾಕಲೇಬೇಕೆಂದರೆ ಬ್ಯಾಟರಿಯಿಂದ ಬೇರೆಯೇ ಲೈನ್ ಎಳೆದು, ಬ್ಯಾಟರಿಯ ಒಂದು ಗೇಣಿನೊಳಗೆ ಫ್ಯೂಸ್ ಕೂರಿಸಿ. ಲೈಟಿನ ವೈರಿಗೆ ಜೋಡಿಸಿದರೆ ಹಳೇ ಇನ್ಸುಲೇಷನ್ ಕರಗುತ್ತದೆ. ಅದೇ ದುಡ್ಡಿಗೆ ಮೊದಲು ಸೀಟ್‌ಬೆಲ್ಟ್ ಪೂರ್ತಿ ಹೊರಗೆಳೆದು ನೋಡಲಿ. ಅಂಚು ನೂಲುನೂಲಾಗಿದ್ದರೆ, ಜಗ್ಗಿದಾಗ ಹಿಡಿಯದಿದ್ದರೆ, ಹೊಸ ಬೆಲ್ಟ್ ಹಾಕಿಸಿ. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ.