ಮನೆಯಲ್ಲೇ ಮರಗೆಲಸ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಉಪಕರಣ ಯಾವುದು?
ನನ್ನ ಕೈ ಮೊದಲು ಹೋಗುವುದು ಮೂಲೆಮಟ್ಟದ ಕಡೆಗೆ, ಅಂದರೆ ಮೂಲೆ ಸರಿಯಾಗಿದೆಯಾ ಅಂತ ನೋಡುವ L ಆಕಾರದ ಉಪಕರಣ. ಮೂಲೆ 90 ಡಿಗ್ರಿ ಇಲ್ಲದಿದ್ದರೆ ಮುಂದಿನ ಕೆಲಸವೆಲ್ಲ ಸೊಟ್ಟ. ಮೂಲೆಮಟ್ಟವೇ ಸರಿ ಇದೆಯಾ ಅಂತ ನೋಡುವುದೂ ಸುಲಭ. ನೇರ ಅಂಚಿನ ಹಲಗೆಗೆ ಅದನ್ನು ಒತ್ತಿ ಹಿಡಿದು ಗೆರೆ ಎಳೆಯಿರಿ. ಮಗುಚಿ, ಅದೇ ಜಾಗದಿಂದ ಇನ್ನೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ. ಕವಲೊಡೆದರೆ, ಕಾಣುವ ಅಂತರದ ಅರ್ಧದಷ್ಟು ತಪ್ಪು ಅದರಲ್ಲಿದೆ.

ಆಮೇಲೆ ಉಳಿ. 6, 12, 25 ಮಿಲಿಮೀಟರ್ ಅಗಲದ ಮೂರು ಸಾಕು. ದೊಡ್ಡ ಸೆಟ್ ತಂದರೆ ಮಿಕ್ಕಿದ್ದು ಸುಮ್ನೆ ಡಬ್ಬದಲ್ಲೇ ಬಿದ್ದಿರುತ್ತದೆ. ಬಾಯಿ 25ರಿಂದ 30 ಡಿಗ್ರಿ ಓರೆಯಲ್ಲಿರಲಿ. ಹಿಂಬದಿ ಪೂರ್ತಿ ಚಪ್ಪಟೆ ಇರಬೇಕು, ಇದನ್ನೇ ಜಾಸ್ತಿ ಜನ ಮರೆಯುವುದು. ಕೆಲಸದ ನಡುವೆ ಆಗಾಗ ಸಾಣೆಕಲ್ಲಿಗೆ ಉಜ್ಜಿ. ಹರಿತವಾದ ಉಳಿಗಿಂತ ಮೊಂಡು ಉಳಿಯೇ ಅಪಾಯ, ಯಾಕೆಂದರೆ ಜೋರಾಗಿ ತಳ್ಳಬೇಕಾಗುತ್ತದೆ, ತಳ್ಳಿದಾಗ ಜಾರುತ್ತದೆ. ಎರಡೂ ಕೈ ಬಾಯಿಯ ಹಿಂದೆಯೇ ಇರಲಿ. (ನನ್ನ ಹೆಬ್ಬೆರಳಿನ ಗುರುತೇ ಇದಕ್ಕೆ ಸಾಕ್ಷಿ!)

ಅಂಟು ಒಣಗುವವರೆಗೆ ಹಲಗೆಗಳನ್ನು ಬಿಗಿಯಾಗಿ ಹಿಡಿದಿಡುವ ಕ್ಲ್ಯಾಂಪ್ ಮಾತ್ರ ಎಷ್ಟಿದ್ದರೂ ಸಾಲದು. ಅಂಟು ಹಚ್ಚಿದ ಮೇಲೆ ಹುಡುಕುತ್ತಾ ಕೂರೋಕಾಗಲ್ಲ ಅಲ್ವಾ?

ಕರೆಂಟಿನ ಉಪಕರಣಗಳಲ್ಲಿ ಮೊದಲು ಒಂದು ಡ್ರಿಲ್ ಸಾಕು. ಟೇಬಲ್ ಗರಗಸದ ಯೋಚನೆ ಆಮೇಲೆ ಮಾಡಿ.