ಪರೀಕ್ಷೆ ಸೊಸೆಗೆ ಮಾತ್ರವೇ? – ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಲಾಗಿದೆ.)

ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲವೆಂದು 33 ವರ್ಷದ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಪತಿ ಮತ್ತು ಅತ್ತೆಯವರೊಡನೆ ಬಂದಿದ್ದರು. ಅತ್ತೆಯವರು ಜನನ ಪ್ರಮಾಣದ ಕುಸಿತದ ಬಗ್ಗೆ ಬಂದ ಪತ್ರಿಕೆಯ ತುಣುಕೊಂದನ್ನು ಮೇಜಿನ ಮೇಲಿಟ್ಟು, "ಓದು, ಕೆಲಸ ಅಂತ ವಯಸ್ಸು ಕಳೆದರೆ ಹೀಗೇ ಆಗೋದು ಮೇಡಂ, ಪೇಪರಿನಲ್ಲೇ ಬಂದಿದೆ" ಎಂದರು. ಸೊಸೆ ತಲೆ ಎತ್ತಲಿಲ್ಲ.

ಅಂಕಿಯೇನೋ ನಿಜವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಒಟ್ಟು ಫಲವತ್ತತೆ ದರ (ಒಬ್ಬ ಮಹಿಳೆಗೆ ಸರಾಸರಿ ಆಗುವ ಮಕ್ಕಳ ಸಂಖ್ಯೆ) 2.0 ಇದ್ದರೆ, ಕರ್ನಾಟಕದ್ದು 1.7. ಆದರೆ ಅದಕ್ಕೆ ಬಂಜೆತನವನ್ನೇ ಮುಖ್ಯ ಕಾರಣವಾಗಿಸುವುದು ಸರಿಯಲ್ಲ. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. "ನಿಮಗೆಷ್ಟು ಮಕ್ಕಳು ಅಮ್ಮಾ?" ಎಂದು ಕೇಳಿದೆ. "ಎರಡು. ಆಮೇಲೆ ಆಪರೇಷನ್ ಆಯ್ತು." ದರವನ್ನು ಇಳಿಸಿದ್ದು ಬಹುಪಾಲು ಇಂಥ ನಿರ್ಧಾರಗಳೇ ಎಂದಾಗ ಅವರು ಸುಮ್ಮನಾದರು. ಬೇಕೆಂದರೂ ಮಕ್ಕಳಾಗದವರ ನೋವು ದೊಡ್ಡದು. ಆದರೆ ರಾಜ್ಯದ ಲೆಕ್ಕದಲ್ಲಿ ಅವರ ಪಾಲು ಚಿಕ್ಕದು.

ಆಕೆಯ ಫೈಲಿನಲ್ಲಿ ಥೈರಾಯ್ಡ್, ಸ್ಕ್ಯಾನಿಂಗ್, ಟ್ಯೂಬ್ ಪರೀಕ್ಷೆಗಳ ವರದಿಗಳೆಲ್ಲ ಇದ್ದವು, ದೋಷವೇನೂ ಕಂಡಿರಲಿಲ್ಲ. ಪತಿಯದೊಂದು ಹಾಳೆಯೂ ಇರಲಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆ. ಆದರೂ ಎಲ್ಲಕ್ಕಿಂತ ಸುಲಭವಾದ ವೀರ್ಯ ಪರೀಕ್ಷೆಯೇ ಕೊನೆಗೆ ಉಳಿಯುತ್ತದೆ. ಈತ ಎರಕದ ಕಾರ್ಖಾನೆಯ ಕುಲುಮೆಯ ಬಳಿ ದುಡಿಯುವವರು, ಗುಟ್ಕಾ ಅಭ್ಯಾಸವೂ ಇತ್ತು. ಅತಿಯಾದ ಶಾಖ, ತಂಬಾಕು ಎರಡೂ ವೀರ್ಯಾಣುಗಳಿಗೆ ಹಾನಿ ಮಾಡಬಲ್ಲವು.

ನಾನು ಸೂಚಿಸಿದ್ದಿಷ್ಟು: ಎರಡರಿಂದ ಏಳು ದಿನ ಸಂಯಮದಲ್ಲಿದ್ದು ಪತಿ ವೀರ್ಯ ಪರೀಕ್ಷೆ ಮಾಡಿಸಬೇಕು, ಫಲಿತಾಂಶ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಗುಟ್ಕಾ ಈಗಲೇ ನಿಲ್ಲಬೇಕು. ವೀರ್ಯಾಣು ಬೆಳೆಯಲು ಸುಮಾರು ಎರಡೂವರೆ ತಿಂಗಳು ಬೇಕಾದ್ದರಿಂದ ಬಿಟ್ಟ ಮರುವಾರವೇ ಗುಣ ಕಾಣಲಿಲ್ಲವೆಂದು ಕೈಚೆಲ್ಲಬಾರದು. ಹಾಗೆಂದು ವರ್ಷಗಟ್ಟಲೆ ಕಾಯಲೂ ಆಗದು, ಪತ್ನಿಗೆ 35 ಸಮೀಪಿಸುತ್ತಿದೆ. ಐವಿಎಫ್‌ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಮಾತು ಬಂದರೆ ಎಷ್ಟು ಹಣ, ಎಷ್ಟು ಪ್ರಯತ್ನ ಎಂಬುದನ್ನು ಸಾಲ ಮಾಡುವ ಮೊದಲೇ ಇಬ್ಬರೂ ಕುಳಿತು ತೀರ್ಮಾನಿಸಬೇಕು. ಮುಖ್ಯವಾಗಿ, ತಾಯಿಗೆ ಉತ್ತರ ಕೊಡುವ ಹೊಣೆ ಮಗನದು.

ಎರಡೂ ವರದಿಗಳಲ್ಲಿ ವೀರ್ಯಾಣುಗಳ ಸಂಖ್ಯೆ ಕಡಿಮೆ ಇತ್ತು. ಮೂತ್ರರೋಗ ತಜ್ಞರು ವೃಷಣದ ರಕ್ತನಾಳಗಳು ಉಬ್ಬಿರುವುದನ್ನು ಗುರುತಿಸಿದ್ದು, ಚಿಕಿತ್ಸೆ ನಡೆದಿದೆ. ತಾಯಿಗೆ ವಿಷಯ ತಿಳಿಸಲು ಮಗನಿಗೆ ಇನ್ನೂ ಧೈರ್ಯ ಬಂದಿಲ್ಲ. ಮುಂದಿನ ಭೇಟಿಯಲ್ಲಿ ಮೂವರನ್ನೂ ಒಟ್ಟಿಗೆ ಕರೆದಿದ್ದೇನೆ.